ಏಳನೇ ಅಡ್ಡಸಾಲು

ಫ್ರಿಜ್ಜಿನ ಬಾಗಿಲಿಂದ ಕಿತ್ತು ತಂದಿದ್ದಳು,
ಬತೂಮಿಯ ದೀಪಸ್ತಂಭವಿದ್ದ ಹೆಬ್ಬೆರಳಗಲದ ಅಯಸ್ಕಾಂತ.
ಬಾನೆಟ್ಟಿಗಿಟ್ಟಳು, ಕಚ್ಚಿಕೊಂಡಿತು.
ಹಿಂಬಾಗಿಲಿಗಿಟ್ಟಳು,
ಟಪ್ಪೆಂದು ಬಿತ್ತು ನನ್ನ ಬೂಟಿನ ಮೇಲೆ.
'ಬಿಲ್ಲಿನಲ್ಲಿ ಹೊಸ ಬಾಗಿಲು' ಅಂದಳು ತ್ಸಿಯಾಲಾ,
ರುಸ್ತಾವಿಯ ಹೆರಿಗೆ ಆಸ್ಪತ್ರೆಯ ದಾದಿ,
ರಾತ್ರಿಪಾಳಿಯಲ್ಲಿ ಕೆಂಪಾದ ಕಣ್ಣು.
'ವಾಜಾನ ಶೆಡ್ಡಿನಲ್ಲಿ ಮಾಡಿಸಿದ್ದು.'

ವಾಜಾ ಗೊತ್ತು ನನಗೆ.
ಬಂದವರಿಗೆ ಮೊದಲು ಕಾಫಿ, ಮೆತ್ತೆಯ ಕುರ್ಚಿ,
'ಅಕ್ಕಾ, ನಿಮ್ಮ ಕಾರು ಇನ್ನು ನನ್ನದೇ ಅಂದುಕೊಳ್ಳಿ.'
ಅದೊಂದೇ ಅವನಾಡುತ್ತಿದ್ದ ನಿಜ.
ಇದರ ಒಳ್ಳೆಯ ದೀಪ ಬಿಚ್ಚಿ ಬೇರೊಂದು ಕಾರಿಗೆ,
ಅದರ ಮಂಕು ದೀಪ ಇದಕ್ಕೆ.
ಸುತ್ತಿಗೆ ಮುಟ್ಟದ ಗುಳಿಗೆ ಬೆರಳು ದಪ್ಪ ಪುಟ್ಟಿ,
ಮೇಲೆ ಮೂರು ಕೋಟು ಬಣ್ಣ,
ಕನ್ನಡಿ!
ಗಿರಾಕಿ ಅದರಲ್ಲಿ ಮುಖ ನೋಡಿಕೊಳ್ಳುತ್ತ
ನೋಟು ಎಣಿಸಬೇಕು.

ಮುದುಕ ಆನ್ಜೋರ್ ಕಾಫಿ ಕೊಡುವವನಲ್ಲ.
ಕಾರಿನಡಿ ಕಾಲು ಗಂಟೆ ಮಲಗಿದ್ದು ಎದ್ದು
ಆಕೆಯ ಮುಖ ನೋಡದೆ ಹೇಳಿದ:
'ಬಾಗಿಲು ಎಳೆದು ನೇರ ಮಾಡ್ತೇನೆ. ಒಂದು ಗೆರೆ ಉಳಿಯುತ್ತೆ.
ಚಾಸಿ ಸೊಟ್ಟಗಿದೆ, ನನ್ನ ಕೈಲಾಗದು,
ಅದಕ್ಕೆ ದುಡ್ಡು ಕೇಳೋದಿಲ್ಲ. ಎಂಬತ್ತು ದಾಟಿಸಬೇಡ.
ಹದಿನೈದು ದಿನ. ನಡುವೆ ಬಂದು ಕೇಳಬೇಡ.'
ಆಕೆಗೆ ಅಳು ಬಂತು.
ವಾಜಾನಲ್ಲಿ ಯಾರೂ ಅತ್ತಿದ್ದು ನಾನು ಕಂಡಿಲ್ಲ.

ಉಜ್ಜಿದೆ. ನೀಲಿ, ಬೂದಿ, ಆಮೇಲೆ ಹಳದಿ,
ಮೂಗು ಗಂಟಲೆಲ್ಲ ಪುಟ್ಟಿಯ ಧೂಳು.
ಅಂಗೈಯಗಲದ ಹಕ್ಕಳೆ ಎದ್ದು ಬಂದಾಗ
ಹಿಂದೆ ತುಕ್ಕು ತಿಂದ ತೂತು,
ತೂತಿಗೆ ತುರುಕಿದ ಕಾಗದದ ಉಂಡೆ.
ಬಿಡಿಸಿದೆ. ಎರಡು ವರ್ಷದ ಹಿಂದಿನ ಪತ್ರಿಕೆ,
ಸೀಸದ ಕಡ್ಡಿಯಲ್ಲಿ ಅರ್ಧ ತುಂಬಿದ ಪದಬಂಧ.
ಬಾಲ ಬೆಳೆದ ಆ ಅಕ್ಷರ
ನನ್ನಮ್ಮ ಹೊಡೆದು ಬಡಿದು ತಿದ್ದಲಾರದೆ ಬಿಟ್ಟದ್ದು.

ಆನ್ಜೋರ್ ಹೆಗಲ ಮೇಲಿಂದ ನೋಡಿದ.
'ತೂತಿಗೆ ತಗಡು ಬೆಸೆ' ಅಂದ.
ಎರಡು ಹೆಜ್ಜೆ ಹೋಗಿ ನಿಂತು,
'ಕಾಗದ ಬಿಸಾಡಬೇಡ, ಅವಳದ್ದು.
ದುಡ್ಡು ಕೊಟ್ಟಿದ್ದಾಳೆ ಅದಕ್ಕೆ.'

ಹದಿನೇಳನೆಯ ದಿನ ಬಂದಳು. ತಡವಾಯಿತೆಂದು ಬೈದಳು.
ಗೆರೆಯ ಮೇಲೆ ಬೆರಳಾಡಿಸಿದಳು
ಹೊಲಿಗೆ ಮಾಗಿತೇ ಎಂದು ನೋಡುವ ಹಾಗೆ.
ದೀಪಸ್ತಂಭ ಇಟ್ಟಳು. ನಿಂತಿತು.
ಕಾಗದ ಕೊಟ್ಟೆ.
ಡಿಕ್ಕಿಯ ಮೇಲೆ ಹರವಿ, ಕನ್ನಡಕ ಏರಿಸಿ
ಬಹಳ ಹೊತ್ತು ಓದಿದಳು.
'ಯಾರೋ ಪಾಪ,
ಏಳನೇ ಅಡ್ಡಸಾಲು ತಪ್ಪು ಬರೆದಿದ್ದಾನೆ.'
ಹೌದಾ, ಅಂದೆ.
ನನ್ನ ಕಿವಿಯ ಮೇಲಿದ್ದ ಕಡ್ಡಿಯನ್ನು
ಅವಳೇ ತೆಗೆದುಕೊಂಡು ತಿದ್ದಿದಳು.

ತಿರುವು ದಾಟುವವರೆಗೂ ಬಾಗಿಲಲ್ಲೇ ಇತ್ತು ದೀಪಸ್ತಂಭ.
ಒಳಗಿಂದ ಆನ್ಜೋರ್ ಕೂಗಿದ, ಮುಂದಿನದರ ಲೆಕ್ಕ ಬರಿ.
ಕಿವಿ ತಡವಿದೆ.
ಕಡ್ಡಿ ಅವಳ ಜೊತೆ ಹೋಗಿತ್ತು.