ಅದೀನ್ರಿ

ಪರೇಲಿನ ಆಸ್ಪತ್ರೆ, ಕಡತಗಳ ಕೋಣೆ.
ಮೂತ್ರನಾಳದ ಮೇಲ್ತುದಿಯ ಗಂಟು, ಅಪರೂಪದ್ದು;
ಹನ್ನೆರಡು ವರ್ಷಕ್ಕೆ ನಲವತ್ತೊಂದೇ ಹೆಸರು.
ವರ್ಷಕ್ಕೊಮ್ಮೆ ಫೋನು ಮಾಡುವುದು ನನ್ನ ಕೆಲಸ.

ಡಾಕ್ಟರರ ಗೆರೆ ಮೆಟ್ಟಿಲಂತೆ ಇಳಿಯುತ್ತದೆ,
ಒಬ್ಬರು ಹೋದರೆ ಒಂದು ಮೆಟ್ಟಿಲು.
ಫೋನೆತ್ತದವರಿಗೆ ಗೆರೆಯ ಮೇಲೊಂದು ಸಣ್ಣ ಕಡ್ಡಿ:
ಇಲ್ಲಿಯತನಕ ಇದ್ದರು, ಆಮೇಲೆ ಗೊತ್ತಿಲ್ಲ.

ಡೊಂಬಿವಲಿಯ ಬಸಲಿಂಗ ನೀಲಗಾರ.
ಬಣ್ಣದ ಕಾರ್ಖಾನೆ, ಇಪ್ಪತ್ತಾರು ವರ್ಷ.
ಎಡ ಮೂತ್ರಪಿಂಡ ತೆಗೆದು ಇದು ಏಳನೆಯದು.
ರಿಂಗಾಗುತ್ತಲೇ ಇದೆ. ಪೆನ್ಸಿಲು ಎತ್ತಿಕೊಂಡೆ.

"ಯಾರ್ರೀ? ಹಾಂ, ಅದೀನ್ರಿ.
ಲೋಕಲ್‌ನ್ಯಾಗ ನಿಂತೀನಿ, ಗದ್ದಲ ಭಾಳ,
ಠಾಣೆ ದಾಟಲಿ, ಮಾತಾಡೂಣು."

ಮತ್ತೆ ಮಾಡಲಿಲ್ಲ.
ಗೆರೆ ಈ ಸಲ ಅಡ್ಡಕ್ಕೇ ಹೋಯಿತು,
ಚಾಳಿನ ಮೆಟ್ಟಿಲ ನಡುವೆ
ಚೀಲ ಇಳಿಸಿ ಉಸಿರು ಬಿಡುವ
ಜಾಗದಷ್ಟು.