ಇಂಟು ಮಾರ್ಕು

ಕಲ್ಸಂಕದ ತೋಡಿಗೆ ಬೆನ್ನು ಹಾಕಿದ ಕಟ್ಟಡ,
ಕೆಳಗೆ ಚಪ್ಪಲಿ ಅಂಗಡಿ, ಮೇಲೆ ನಾವು:
ನಾನು, ಶಮಿತ, ಮತ್ತು ಮಂಗಳವಾರ ಮಾತ್ರ ಬರುವ
ಲೆಕ್ಕದ ವಾದಿರಾಜ ಮಾಮ.

ವೆಬ್‌ಸೈಟು ಕಟ್ಟುವ ಮೊದಲು ಗೆರೆಯದ್ದೊಂದು ನಕ್ಷೆ ಬೇಕು,
ಎಲ್ಲಿ ತಲೆಬರಹ, ಎಲ್ಲಿ ಬಟನ್ನು, ಎಲ್ಲಿ ಚಿತ್ರ ಎಂದು.
ಬಣ್ಣವಿಲ್ಲ, ಒಡವೆಯಿಲ್ಲ, ಬರೀ ಚೌಕ.
ಅದನ್ನು ಎಳೆಯಲಿಕ್ಕೊಂದು ಸಾಫ್ಟ್‌ವೇರ್ ಆರಿಸಬೇಕಿತ್ತು.
ಅಷ್ಟಕ್ಕೇ ಹೋಯಿತು ಇಡೀ ಒಂದು ವಾರ.

ಮೊದಲನೆಯದು ಕದ ತೆರೆಯುವ ಮುಂಚೆಯೇ ಕೇಳಿತು:
ನಿಮ್ಮ ಸಂಸ್ಥೆಯಲ್ಲಿ ಎಷ್ಟು ಸಾವಿರ ಮಂದಿ?
ಕುರ್ಚಿಯೊಂದಕ್ಕೆ ತಿಂಗಳಿಗೆ ಇಷ್ಟು ಡಾಲರು.
ನಮ್ಮಲ್ಲಿ ಮೂರು ಕುರ್ಚಿ ಉಂಟು,
ಒಂದರ ಕಾಲಿಗೆ ಸುತಳಿ ಸುತ್ತಿದೆ.
"ಅದಕ್ಕೂ ಡಾಲರಾ?" ಎಂದ ಶಮಿತ.

ಎರಡನೆಯದು ಚೆಂದ. ಅದೇ ಅದರ ಕಾಯಿಲೆ.
ಎಳೆದ ಗೆರೆಗೆಲ್ಲ ನೆರಳು, ಮೂಲೆಗೆಲ್ಲ ನುಣುಪು,
ಇನ್ನೂ ಹುಟ್ಟದ ಮಗುವಿಗೆ ಮೀಸೆ ತಿದ್ದಿದ ಹಾಗೆ.
ಕಿನ್ನಿಮೂಲ್ಕಿಯ ಹಲ್ಲಿನ ಡಾಕ್ಟರಿಗೆ ತೋರಿಸಿದೆವು;
ಒಂದೂವರೆ ಗಂಟೆ ನೀಲಿಯ ಬಗ್ಗೆಯೇ ಮಾತಾಡಿದರು,
ಆಕಾಶದ್ದೋ, ನವಿಲಿನದ್ದೋ, ಟೂತ್‌ಪೇಸ್ಟಿನದ್ದೋ.
ಹಲ್ಲು ನೋವಿನವರು ಎಲ್ಲಿ ಒತ್ತಬೇಕು ಎಂದು
ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೂರನೆಯದರದ್ದು ನಡುಗುವ ಕೈ.
ಎಷ್ಟು ನೇರ ಎಳೆದರೂ ಗೆರೆ ಅಂಕುಡೊಂಕು,
ಒಂದನೇ ಕ್ಲಾಸಿನ ಸ್ಲೇಟು.
ಕರೆಂಟು ಹೋದರೂ ನೆಟ್ಟು ಹೋದರೂ
ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಇರುತ್ತದೆ, ಪಾಪ.
"ಇದಕ್ಕೆ ಯಾರಾದರೂ ದುಡ್ಡು ಕೊಡ್ತಾರಾ ಮಾರಾಯ್ತಿ?"
ನನಗೂ ಒಳಗೊಳಗೆ ನಾಚಿಕೆ:
ಐದು ವರ್ಷ ಕಲಿತದ್ದು ಗೆರೆ ನೇರ ಮಾಡಲಿಕ್ಕೆ.

ಶಂಕರಪುರದ ಬಸ್ಸಿನಲ್ಲಿ ಬಂದರು ಲೆತಿಶಿಯಾ ಬಾಯಮ್ಮ,
ಮಲ್ಲಿಗೆ ಕಟ್ಟೆಯವರು,
ಉಗುರ ಸಂದಿಯಲ್ಲಿ ಇನ್ನೂ ಬಾಳೆನಾರಿನ ಕರೆ.
ಕನ್ನಡಕ ಏರಿಸಿ ನೋಡಿದರು ತುಂಬ ಹೊತ್ತು.
"ಇದಕ್ಕೆ ಯಾರು ತಪ್ಪು ಹಾಕಿದ್ದು?"

ಚಿತ್ರ ಬರುವ ಜಾಗಕ್ಕೆ ನಮ್ಮ ಕಸುಬಿನ ಗುರುತು ಅದು:
ಚೌಕ, ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ.
ಸಾವಿರ ಸಲ ಎಳೆದಿದ್ದೇನೆ;
ಅದು ಇಂಟು ಮಾರ್ಕು ಎಂದು ಕಂಡದ್ದು ಅವತ್ತೇ.
"ಅಲ್ಲಿ ಹೂವಿನ ಫೋಟೊ ಬರ್ತದೆ" ಎಂದೆ.
"ಹೂ ಗೊತ್ತಿಲ್ಲದವರು ಇಲ್ಲಿಗೆ ಯಾಕೆ ಬರ್ತಾರೆ ಮಗಾ?
ರೇಟು ಎಲ್ಲಿ?"

ರೇಟು ಇರಲಿಲ್ಲ.
ನಮ್ಮ ಬಗ್ಗೆ ಇತ್ತು, ನಮ್ಮ ಧ್ಯೇಯ ಇತ್ತು,
ಗ್ರಾಹಕರ ಮೆಚ್ಚುಗೆ ಎಂದು ಮೂರು ಗುಂಡು ಮುಖ ಇತ್ತು.
ದಿನಕ್ಕೊಮ್ಮೆ ಬೀಳುವ ಒಂದು ಅಂಕಿ,
ಅಟ್ಟೆಗೆ ಎಷ್ಟು ಎಂಬ ಒಂದೇ ಒಂದು ಅಂಕಿಗಾಗಿ
ಶಿರ್ವದಲ್ಲಿ, ಬಂಟಕಲ್ಲಿನಲ್ಲಿ, ಕಟಪಾಡಿಯ ಅಂಗಳಗಳಲ್ಲಿ
ಫೋನು ಹಿಡಿದು ಕೂತವರಿಗೆ
ನಾನು ಧ್ಯೇಯ ಬರೆದಿಟ್ಟಿದ್ದೆ.

"ಇದನ್ನು ಆಚೆ ಹಾಕಲಿಕ್ಕೆ ಆಗ್ತದಾ?"
ಕೇಳಿ, ಉತ್ತರಕ್ಕೆ ಕಾಯದೆ, ಮೌಸು ಹಿಡಿದರು
ಮೊಗ್ಗು ಕೊಯ್ಯುವ ಹಾಗೆ, ಎರಡೇ ಬೆರಳಲ್ಲಿ.
ಧ್ಯೇಯ ಹೋಯಿತು. ಗುಂಡು ಮುಖಗಳು ಹೋದವು.
ಒಂದು ಚೌಕ ಹಿಗ್ಗಿ ಹಿಗ್ಗಿ ಅರ್ಧ ಪುಟವಾಯಿತು,
ಅದರ ಕೆಳಗೆ ಸಣ್ಣದು: ನಿನ್ನೆ ಎಷ್ಟಿತ್ತು.
"ನಿನ್ನೆದು ಬೇಕೇ ಬೇಕು.
ಇಲ್ಲದಿದ್ದರೆ ಜನರಿಗೆ ಸಿಟ್ಟು ಬರುವುದು ಹೇಗೆ?"

ನೀಲಿಯ ಮಾತು ಬರಲೇ ಇಲ್ಲ.
ಸುಣ್ಣ ಹೊಡೆದ ಗೋಡೆಗೆ ಮೊಳೆ ಹೊಡೆಯಲು ಅಂಜುವವರು
ಈ ಡೊಂಕು ಗೆರೆಯ ಮುಂದೆ ಅಂಜುವುದಿಲ್ಲ ಎಂದು
ನನಗೆ ಯಾರೂ ಕಲಿಸಿರಲಿಲ್ಲ.

ಮೂವತ್ತು ದಿನದ ಪುಕ್ಕಟೆ ಮುಗಿಯಲು ಎರಡು ದಿನ ಇರುವಾಗ
ಬಾಯಮ್ಮನ ಮುಂಗಡದಲ್ಲಿ ಕೊಂಡೆವು ಆ ನಡುಗುವ ಕೈಯನ್ನು.
ವಾದಿರಾಜ ಮಾಮ ಬಿಲ್ಲು ತಿರುಗಿಸಿ ತಿರುಗಿಸಿ ನೋಡಿ,
"ಡೊಂಕು ಗೆರೆಗೆ ಇಷ್ಟಾ? ನಾನೇ ಎಳೆದು ಕೊಡ್ತಿದ್ದೆ."
ಮುಂಗಡದ ಜೊತೆ ಬಾಳೆಲೆಯಲ್ಲಿ ಒಂದು ಚೆಂಡು ಮಲ್ಲಿಗೆ.
ನನ್ನ ಕೂದಲು ಗಿಡ್ಡ, ನಿಲ್ಲುವುದಿಲ್ಲ;
ಶಮಿತ ರೌಟರಿನ ಎರಡು ಕೊಂಬಿಗೆ ಮುಡಿಸಿದ.

ಸೈಟು ಈಗ ನಡೆಯುತ್ತಿದೆ. ಫೋಟೊ ಯಾರೂ ಕಳಿಸಲಿಲ್ಲ,
ಮೂಲೆಯಲ್ಲಿ ಹಾಗೇ ಉಳಿದಿದೆ ಇಂಟು ಮಾರ್ಕು.
ದೂರು ಬಂದದ್ದು ಇಷ್ಟರವರೆಗೆ ಒಂದೇ:
ನಿನ್ನೆಯ ರೇಟನ್ನು ಸ್ವಲ್ಪ ದೊಡ್ಡ ಮಾಡಿ.