ಕೊಂಡಿ ಹಾಕೋ ಮುಂದ

ಇಳಕಲ್ಲಿನ ಬಸ್ ಸ್ಟ್ಯಾಂಡ್ ಎದುರು, ಚುರುಮುರಿ ಗಾಡಿ ಬಾಜೂಕ
ನಾಕು ಫೂಟಿನ ನನ್ನ ಅಂಗಡಿ.
ಸೀಳಿದ ಗಾಜು, ಉಬ್ಬಿದ ಬ್ಯಾಟರಿ, ಸಣ್ಣದೊಂದು ಚಿಮಟಿಗಿ,
ಬೆಸಿಗಿ ಹೊಗಿಗೆ ಕಣ್ಣು ಕಿರಿದು ಮಾಡಿಕೊಂಡ ನಾನು.

ಮುಂಜಾನಿಂದ ಕೌಂಟರಿಗೆ ಆನಿಕೊಂಡು ನಿಂತಾರ
ದಾವಲ, ಅಮರಗುಂಡ.
ಕಚ್ಚಿದ ಸೇಬಿಂದು ಅಂದ್ರ ಬೀಗ ಜಡದ ವಾಡೆ,
ಕಳ್ಳ ಹೊಗಂಗಿಲ್ಲ ಅಂತಾನ ಒಬ್ಬ.
ಕೀಲಿ ನಿನ್ನ ಕೈಯಾಗ ಇಲ್ಲಂದ್ರ
ಅದು ವಾಡೆ ಅಲ್ಲೋ, ಜೈಲು, ಅಂತಾನ ಇನ್ನೊಬ್ಬ.
ಆಂಡ್ರಾಯ್ಡ್ ಅಂದ್ರ ವಾರದ ಸಂತಿ, ಎಲ್ಲಾ ಸಿಗತಾವ.
ಹೌದು, ಕಿಸೆಗಳ್ಳರೂ ಸಿಗತಾರ.
ಇಬ್ಬರ ಕೈಯಾಗೂ ಇರೋದು ಅಣ್ಣಂದಿರು ಬಿಟ್ಟ ಹಳೇ ಫೋನು.
ರಿಪೇರಿ ಬಾಕಿ ಬ್ಯಾರೆ ಐತಿ.

ಅಷ್ಟರಾಗ ಹುಲಗಪ್ಪ ಬಂದ, ಕಲ್ಲಿನ ಕ್ವಾರಿಯಿಂದ ಸೀದಾ,
ರೆಪ್ಪಿ ಮ್ಯಾಲ ಗುಲಾಬಿ ಧೂಳು.
ಹೆಬ್ಬೆಟ್ಟು ನನ್ನ ದೀಪದ ಕೆಳಗ ಚಾಚಿದ:
"ಇದು ನನ್ನ ಗುರುತು ಹಿಡೀವಲ್ದು."
ನೋಡಿದೆ. ಗೆರಿನ ಇಲ್ಲ.
ಹತ್ತೊಂಬತ್ತು ವರ್ಷ ಆತ ಕಲ್ಲಿಗೆ ಪಾಲಿಶ್ ಮಾಡ್ಯಾನ,
ಕಲ್ಲು ಆತನ ಬೆಟ್ಟಿಗೆ ಮಾಡೇತಿ.
"ಯಾವ ಕಂಪನಿದು ತಗೊಂಡ್ರ ಹಿಡಿತೈತ್ರಿ?"
ದಾವಲ ಸುಮ್ಮನಾದ. ಅಮರಗುಂಡ ಅಂಗಿ ಚುಂಗಿಲೆ ಗಾಜು ಒರಸಿದ.
ಬೆಟ್ಟು ಬಿಟ್ಟು ಅಂಕಿ ಹಾಕಿಕೊಟ್ಟೆ.
ನಾಕು ಅಂಕಿ ಆತ ನನ್ನ ಕಿವ್ಯಾಗ ಹೇಳಿದ,
ಹೆಂಡತಿಗೂ ಗೊತ್ತಿಲ್ಲಂತ.
ಅದಕ್ಕ ಇಲ್ಲಿ ಬರಿಯಂಗಿಲ್ಲ.

ಮಧ್ಯಾಹ್ನ ಸಂಕವ್ವ.
ಚೀಲದಾಗ ಆರು ಸೀರಿ, ಸೊಲ್ಲಾಪುರದ ಗಿರಾಕಿ ವಾಪಸ್ ಕಳಿಸಿದ್ದು.
"ಫೋಟೋದಾಗ ಒಂದು ಕೆಂಪು, ಕೈಯಾಗ ಒಂದು ಕೆಂಪು ಅಂತಾನ.
ಗಿರಿ ಕುಂಕುಮ ಅಂದ್ರ ಗಿರಿ ಕುಂಕುಮನಪ, ಅದಕ್ಕೇನು ಅಣ್ಣತಮ್ಮರು ಅದಾರನು?
ಸುಳ್ಳು ಹೇಳಿದ್ದು ಯಾವುದು,
ನನ್ನ ಫೋನೋ, ಅವನದೋ?"

ದಡಿ ಹರವಿದಳು. ಮೂರು ಫೋನು ಸಾಲಾಗಿ ಹಿಡಿದೆ.
ಆಕಿದು ಆ ಕೆಂಪನ್ನ ಟೊಮೆಟೊ ಮಾಡಿತು,
ರೇಟು ಏರಿದ ದಿನದ ಟೊಮೆಟೊ.
ಬ್ಯಾಟರಿಗೆ ಬಂದಿದ್ದ ಡಾಕ್ಟರರ ಸೇಬು
ತುಸು ಅರಿಷಿಣ ಕಲಸಿ
ಟ್ರಂಕಿನ ತಳದ ಲಗ್ನಪತ್ರಿಕಿ ಮಾಡಿತು.
ನನ್ನದು, ಹೇಳಾಕ ನಾಚಿಕಿ, ಇಟ್ಟಂಗಿ.
ಮೂರೂ ಚಂದ ಇದ್ದವು. ಒಂದೂ ಅದಲ್ಲ.

ಸೆಟ್ಟಿಂಗು ಅಂದ ದಾವಲ. ಮೆಗಾಪಿಕ್ಸೆಲ್ಲು ಅಂದ ಅಮರಗುಂಡ.
ಮತ್ತ ಶುರು ಆತು ವಾಡೆ, ಸಂತಿ, ವಾಡೆ.
ಸಂಕವ್ವ ಸೀರಿ ಮಡಚತಾ ಅಂದಳು:
"ಮೈ ಹತ್ತೀದು, ಸೆರಗು ರೇಷ್ಮೀದು.
ಎರಡರ ಹಾಸೂ ಬ್ಯಾರೆ, ಜಗ್ಗಿದ್ರ ಬಿಗಿನೂ ಬ್ಯಾರೆ.
ಕೊಂಡಿ ಹಾಕೋ ಮುಂದ ಯಾವುದು ದೊಡ್ಡದು ಅಂತ ನಾ ಕೇಳಂಗಿಲ್ಲ.
ಇದರ ಕುಣಿಕ್ಯಾಗ ಅದನ್ನ ತೂರಸ್ತೀನಿ, ಎಳಿ ಎಳಿಗೂ.
ಆಮ್ಯಾಲ ಮಗ್ಗ ನೋಡ್ಕೋತೈತಿ."

ನಮ್ಮ ಹುಡುಗರೂ ದಿನಾ ಕೊಂಡಿ ಕಳಸ್ತಾರ,
ನೀಲಿ ಅಕ್ಷರದ್ದು. ಒತ್ತಿದ್ರ ಎಲ್ಲೋ ಹೋಗತೈತಿ.
ಈಕಿದು ಜಗ್ಗಿದ್ರೂ ಎಲ್ಲಿಗೂ ಹೋಗಂಗಿಲ್ಲ.

ಕತ್ತರಿ ಇಸಗೊಂಡಳು.
ಅಂಚಿನ ಗೊಂಡೆದಿಂದ ಎರಡು ಬೆಟ್ಟಿನಷ್ಟು ನೂಲು ಕತ್ತರಿಸಿ
ನನ್ನ ಬಿಲ್ ಪುಸ್ತಕದ ಹಾಳಿ ಹರಿದು, ಸುತ್ತಿ,
ಮೂರೂವರಿ ಬಸ್ಸಿನ ಕಂಡಕ್ಟರ ಕೈಯಾಗ ಇಟ್ಟು ಬಂದಳು:
"ಬಾಗಲದಾಗ ನಿಂತು, ಬಿಸಿಲಿಗೆ ಹಿಡಿದು ನೋಡಂತ ಹೇಳು ಅವಗ."

ತಿರುಗಿ ಬಂದು ಫೋನು ಮುಂದ ಚಾಚಿದಳು.
"ಕೆಂಪಿನ ಕತಿ ಮುಗೀತು. ಇದರ ರಿಂಗು ಜೋರ್ ಮಾಡು.
ಮಗ್ಗದ ಸಪ್ಪಳದಾಗ ಕೇಳಂಗಿಲ್ಲ.
ಕೇಳಲಿಲ್ಲಂದ್ರ ಮುರುಕು ಬಂದ್ರೇನು, ಹೊಸಾದು ಬಂದ್ರೇನು."

ಸ್ಪೀಕರಿನ ತೂತಿನಾಗ ಪಿನ್ನು ಹಾಕಿ ಮೆಲ್ಲಕ ಜಗ್ಗಿದೆ.
ಬಂತು, ಗೋಧಿ ಕಾಳಿನಷ್ಟು,
ವರ್ಷಗಟ್ಟಲೆ ಒಳಗ ಕೂತಿದ್ದ ನೂಲಿನ ಧೂಳು.
ಬಿಳಿ ಹಾಳಿ ಮ್ಯಾಲ ಇಟ್ಟೆ.
ಅದ ಕೆಂಪು. ಸೀರಿ ಬಾಜೂ ಹಿಡಿದ್ರೂ ಅದ.

ಹುಡುಗರನ್ನ ಕರದೆ.
ಅವರು ಬಗ್ಗಿ ನೋಡೂ ತನಕ
ಫ್ಯಾನ್ ಬಂದ್ ಮಾಡಿದ್ದೆ.